ಏಳು ಸಾವಿರಕ್ಕೇ ಸವೆದ ಪ್ಯಾಡು

ಸವೆದ ಬ್ರೇಕ್ ಪ್ಯಾಡ್ ಕೈಗೆ ಕೊಟ್ಟರೆ ಸಾಕು, ಓಡಿಸಿದವರ ಜಾತಕ ಹೇಳುತ್ತೇನೆ. ಇದು ಜಂಬವಲ್ಲ. ಸರಿ, ಸ್ವಲ್ಪ ಜಂಬವೇ. ನನ್ನ ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು, ಬಿಚ್ಚಿದ ಹಳೇ ಪ್ಯಾಡುಗಳನ್ನು ಸಾಲಾಗಿ ನೇತುಹಾಕಿದ್ದೇನೆ. ಅಂಚು ಸುಟ್ಟು ಬಿರುಕು ಬಿಟ್ಟಿದ್ದರೆ ಅವರು ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತುವ ಪೈಕಿ. ಮನೆಯಲ್ಲೂ ಹಾಗೇ, ಮದುವೆಗೆ ಹೊರಡುವಾಗ ಅಂಗಿಗೆ ಇಸ್ತ್ರಿ ಹುಡುಕುವವರು. ಸಮನಾಗಿ ಸವೆದಿದ್ದರೆ ತಾಳ್ಮೆಯವರು. ಅಂಥವರು ನನ್ನ ಗಿರಾಕಿಗಳಲ್ಲಿ ಇಬ್ಬರೇ ಇದ್ದಾರೆ, ಅವರಲ್ಲೊಬ್ಬ ಹೆಣದ ಗಾಡಿ ಓಡಿಸುತ್ತಾನೆ.

ಇಂಥ ನನಗೆ ಅಕ್ಕನ ಕಾರಿನ ಪ್ಯಾಡು ನೀರು ಕುಡಿಸಿತು.

ಅಕ್ಕ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ರೋಗಿಗಳನ್ನು ಮಲಗಿಸುವುದು ಅವಳ ಕೆಲಸ, ನನ್ನ ನಿದ್ದೆ ಕೆಡಿಸುವುದು ಹವ್ಯಾಸ. ಹೋದ ವರ್ಷ ಅವಳು ಕೊಂಡ ಕಾರಿನ ತೂಕ ಎರಡೂವರೆ ಟನ್, ಶಕ್ತಿ ಆರುನೂರು ಕುದುರೆಯದ್ದು. ಇಂಥ ಗಾಡಿ ಓಡುವುದು ದೊಡ್ಡ ವಿಷಯವಲ್ಲ, ನಿಲ್ಲುವುದು ದೊಡ್ಡ ವಿಷಯ. ಅಷ್ಟು ಭಾರ, ಅಷ್ಟು ವೇಗ ಎಲ್ಲವನ್ನೂ ತಡೆಯಬೇಕಾದವು ಅಂಗೈ ಅಗಲದ ಪ್ಯಾಡುಗಳು ತಾನೆ? ಹಾಗಾಗಿ ಅವು ಬೇಗ ಸವೆಯುತ್ತವೆ, ನಿಜ. ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಮುಗಿದಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ಇವು ಏಳು ಸಾವಿರಕ್ಕೇ ಮುಗಿದಿದ್ದವು. ಅದೂ ಎರಡನೇ ಸಲ.

“ನೀನು ಹಾಕಿದ ಪ್ಯಾಡೇ ಸರಿ ಇಲ್ಲ,” ಎಂದಳು ಅಕ್ಕ.

“ಪ್ಯಾಡ್ ಸರಿಯಾಗೇ ಇದೆ. ಓಡಿಸೋದು ಸರಿ ಇಲ್ಲ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಭಾನುವಾರ ಊಟಕ್ಕೆ ಬರ್ತೀಯಲ್ಲ, ಅಷ್ಟರೊಳಗೆ ಕಾರಣ ಹುಡುಕು. ಇಲ್ಲಾಂದ್ರೆ ಗಾಡಿ ಶೋರೂಮಿಗೆ ಹೋಗುತ್ತೆ, ತಿಳೀತಾ?”

ಗಾಡಿ ಹೋದರೆ ಹೋಗಲಿ. ಆದರೆ ನಾನು ಕಾಲೇಜು ಬಿಟ್ಟು ಸ್ಪಾನರ್ ಹಿಡಿದಾಗ ನೆಂಟರೆಲ್ಲ ಮೂಗು ಮುರಿದಿದ್ದರು. “ಅವನ ಕೈಯಲ್ಲಿ ಕೆಲಸ ಇದೆ, ಬಿಡಿ” ಎಂದವಳು ಅಕ್ಕ ಒಬ್ಬಳೇ. ಆ ಒಂದು ಮಾತನ್ನು ನಂಬಿಕೊಂಡು ನಾನು ಹದಿನಾಲ್ಕು ವರ್ಷ ತಲೆಯೆತ್ತಿ ಬದುಕಿದ್ದೇನೆ. ಅದನ್ನು ಅವಳೇ ವಾಪಸು ತೆಗೆದುಕೊಂಡರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಸದ್ಯಕ್ಕೆಂದು ಗಾಡಿಗೆ ಬೇರೊಂದು ಜೊತೆ ಹಾಕಿ ಕಳಿಸಿ, ಸವೆದ ಪ್ಯಾಡುಗಳನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಚಕ್ರದ ಡಿಸ್ಕು ಕಾದು ಕಾದು ನೀಲಿಗಟ್ಟಿತ್ತು. ಜೋರಾಗಿ ಒತ್ತಿದ ಗುರುತಲ್ಲ ಇದು. ಯಾರೋ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಕಿಲೋಮೀಟರುಗಟ್ಟಲೆ ಓಡಿಸಿದ್ದಾರೆ. ಸಣ್ಣ ಕಾರಾಗಿದ್ದರೆ ಇಂಜಿನ್ ಮುಲುಗಿ ಚಾಡಿ ಹೇಳಿಬಿಡುತ್ತಿತ್ತು. ಆರುನೂರು ಕುದುರೆಗಳಿಗೆ ಇದೆಲ್ಲ ಯಾವ ಲೆಕ್ಕ? ತಮ್ಮ ಪಾಡಿಗೆ ಎಳೆದುಕೊಂಡು ಹೋಗುತ್ತವೆ.

ಮೊದಲ ಅನುಮಾನ ಭಾವನ ಮೇಲೆ. ಅವರು ಗಣಿತದ ಮೇಷ್ಟ್ರು. ಬುಧವಾರ ಏನೋ ನೆಪ ಹೇಳಿ ಪಕ್ಕದಲ್ಲಿ ಕೂತೆ.

“ಭಾವ, ಹಸಿರು ಬಿತ್ತು.”

“ಬೀಳ್ಲಿ ಬಿಡಪ್ಪ. ಮತ್ತೆ ಬೀಳುತ್ತೆ.”

ಅವರ ಎಡಗಾಲು ಚಪ್ಪಲಿ ಕಳಚಿ ಒಂದು ಮೂಲೆಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಈ ಮನುಷ್ಯ ಓಡಿಸಿದರೆ ಪ್ಯಾಡು ಸವೆಯುವ ಮೊದಲು ತುಕ್ಕು ಹಿಡಿಯುತ್ತದೆ. ಗುರುವಾರ ಅಕ್ಕನ ಪಕ್ಕ ಕೂತೆ. ಬೈಗುಳ ಜೋರು, ಬ್ರೇಕು ಮೆದು. ಅವಳೂ ಅಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಗಿರಾಕಿಯೊಬ್ಬರ ಮನೆಗೆ ಹೊರಟಿದ್ದೆ. ಊರಾಚೆಯ ದೊಡ್ಡ ರಸ್ತೆಯಲ್ಲಿ ಕಣ್ಣೆದುರಿಗೇ ಅಕ್ಕನ ಕಾರು! ಆ ಹೊತ್ತಿಗೆ ಅಕ್ಕ ಆಪರೇಷನ್ ಥಿಯೇಟರಿನಲ್ಲಿರುತ್ತಾಳೆ, ಭಾವ ತರಗತಿಯಲ್ಲಿ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಗಾಡಿ ಓಡುತ್ತಲೇ ಇತ್ತು. ಕಳ್ಳರೇ ಸೈ ಎಂದುಕೊಂಡು ಸ್ಕೂಟರಿನ ಜೀವ ತೆಗೆದು ಬೆನ್ನು ಹತ್ತಿದೆ. ಪೆಟ್ರೋಲ್ ಬಂಕ್ ದಾಟಿದ ಮೇಲೆ ಕಾರು ಸಿಗ್ನಲ್ ಹಾಕಿ ಶಿಸ್ತಾಗಿ ಪಕ್ಕಕ್ಕೆ ನಿಂತಿತು. ಗಾಜು ಇಳಿಯಿತು.

ಅಮ್ಮ! ಅಕ್ಕನ ತಂಪು ಕನ್ನಡಕ ಬೇರೆ.

“ಏನೋ, ಹೆತ್ತ ತಾಯಿ ಹಿಂದೆ ಹೀಗೆ ಬೀಳ್ತೀಯಲ್ಲ, ಮಾಡೋಕೆ ಕೆಲಸ ಇಲ್ವಾ?”

ಅಮ್ಮ ಇರುವುದು ಅಕ್ಕನ ಮನೆಯಲ್ಲೇ. ಎರಡು ವರ್ಷದ ಹಿಂದೆ, ಅರವತ್ತೆರಡರಲ್ಲಿ, ಭಾವನ ಹಳೇ ಸಣ್ಣ ಕಾರಿನಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಆದರೆ ಈ ಗಾಡಿಯನ್ನು ಮುಟ್ಟಕೂಡದೆಂದು ಅಕ್ಕನ ಕಟ್ಟಪ್ಪಣೆಯಾಗಿತ್ತು. ನಾನು ಬಗ್ಗಿ ಅವಳ ಪಾದ ನೋಡಿದೆ. ಬಲಗಾಲು ಆಕ್ಸಿಲರೇಟರ್ ಮೇಲೆ, ಎಡಗಾಲು ಬ್ರೇಕಿನ ಮೇಲೆ.

“ಎಡಗಾಲು ಯಾಕಮ್ಮ ಅಲ್ಲಿಟ್ಟಿದ್ದೀಯ?”

“ಮತ್ತೆಲ್ಲಿಡಲಿ? ಆ ಕಾರಲ್ಲಿ ಕ್ಲಚ್ ಇತ್ತು. ಇದ್ರಲ್ಲಿ ಎಡಗಾಲಿಗೆ ಕೆಲಸಾನೇ ಇಲ್ಲ. ಮೂವತ್ತು ವರ್ಷ ಎರಡು ಕಾಲಲ್ಲೂ ಹೊಲಿಗೆ ಮಿಷಿನ್ ತುಳಿದೋಳು ನಾನು. ಒಂದು ಸುಮ್ನೆ ಕೂತ್ರೆ ಇನ್ನೊಂದು ಕೆಲಸ ಮಾಡುತ್ತಾ?”

ಊರವರ ಬಟ್ಟೆ ಹೊಲಿದೇ ಅವಳು ನಮ್ಮಿಬ್ಬರನ್ನೂ ಸಾಕಿದ್ದು.

“ಎಲ್ಲಿಗೆ ಹೊರಟಿದ್ದೆ?”

“ಎಲ್ಲಿಗೂ ಇಲ್ಲ. ಗಾಡಿ ಮನೇಲೇ ಇರೋ ದಿನ ನೋಡ್ಕೊಂಡು, ವಾರಕ್ಕೆ ಮೂರು ಸಲ ಹೀಗೆ ಹೋಗಿ ಹೀಗೆ ಬರ್ತೀನಿ. ಕಿಲೋಮೀಟರು ಗಂಡ ಓಡಿಸಿದ್ದು ಅಂತ ಅವಳು, ಹೆಂಡತಿ ಓಡಿಸಿದ್ದು ಅಂತ ಅವರು ಅಂದ್ಕೊಂಡಿದ್ದಾರೆ.” ಅಮ್ಮ ಸ್ಟೇರಿಂಗ್ ಸವರಿದಳು. “ಆ ಮಿಷಿನ್ ಅಷ್ಟು ವರ್ಷ ತುಳಿದೆ ಕಣೋ, ಒಂದು ಇಂಚು ಮುಂದೆ ಹೋಗ್ಲಿಲ್ಲ. ಇದು ಹೋಗುತ್ತೆ.”

ಬೈಯಲು ಮನಸ್ಸು ಬರಲಿಲ್ಲ. ಪ್ಯಾಡಿನ ಜಗಳದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

“ಅಕ್ಕಂಗೆ ಹೇಳ್ಬೇಡ್ವೋ. ಕೀ ಕಿತ್ಕೊಂಡ್ಬಿಡ್ತಾಳೆ.”

ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎರಡು ರಾತ್ರಿ ಹೊರಳಾಡಿ ಕೊನೆಗೆ ನುಂಗುವುದೇ ಸರಿ ಎಂದುಕೊಂಡೆ.

ಭಾನುವಾರ ಊಟಕ್ಕೆ ಕೂತ ಕೂಡಲೇ ಅಕ್ಕ ಕೇಳಿದಳು, “ಏನಾಯ್ತು? ಕಾರಣ ಸಿಕ್ತಾ?”

“ಪ್ಯಾಡೇ ಸರಿ ಇರ್ಲಿಲ್ಲ ಅಕ್ಕ. ನೋಡದೆ ಹಾಕ್ಬಿಟ್ಟೆ. ನಂದೇ ತಪ್ಪು.”

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ನಿನ್ನ ಕೈ ಮೇಲೆ ನಂಬಿಕೆ ಇಟ್ಟಿದ್ದೆ,” ಎಂದಳು ಮೆಲ್ಲಗೆ. “ಸರಿ, ನಾಳೆ ಶೋರೂಮಿಗೆ ಬಿಡ್ತೀನಿ.” ಭಾವ ಅನ್ನದಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು.

ಬಡಿಸುತ್ತಿದ್ದ ಅಮ್ಮನ ಸೌಟು ಅರ್ಧದಲ್ಲೇ ನಿಂತಿತು. “ಯಾವ ಪ್ಯಾಡು?”

ಅಕ್ಕ ಎಲ್ಲ ಹೇಳಿದಳು. ಅಮ್ಮ ನನ್ನನ್ನು ನೋಡಿದಳು, ನಾನು ತಟ್ಟೆ ನೋಡಿದೆ. ಅವಳು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಕೀ ತೆಗೆದುಕೊಂಡಳು.

“ಎಲ್ರೂ ಏಳಿ.”

“ಊಟ ಅಮ್ಮ?”

“ಆರಿದ್ರೆ ಬಿಸಿ ಮಾಡ್ಬಹುದು. ಏಳಿ ಅಂದೆ.”

ಅಮ್ಮ ಸ್ಟೇರಿಂಗ್ ಮುಂದೆ ಕೂತಳು. ಪಕ್ಕದಲ್ಲಿ ಅಕ್ಕ. ಭಾವ ಮತ್ತು ನಾನು ಹಿಂದೆ. ಎರಡೂವರೆ ಟನ್ ಗಾಡಿ ಗೇಟಿಗೆ ಒಂದು ಗೀರೂ ಬೀಳದಂತೆ ಹೊರಗೆ ಬಂತು. ಅಕ್ಕ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ಒತ್ತುತ್ತಲೇ ಇದ್ದಳು.

“ಈಗ ನನ್ನ ಕಾಲು ನೋಡು,” ಎಂದಳು ಅಮ್ಮ ದೊಡ್ಡ ರಸ್ತೆಗೆ ಬಂದ ಮೇಲೆ.

“ಅಮ್ಮ! ಎಡಗಾಲು ಬ್ರೇಕ್ ಮೇಲಿದೆ!”

“ಅದೇ. ನಿನ್ನ ಪ್ಯಾಡ್ ತಿಂದೋಳು ನಾನು. ಇವನಿಗೆ ಶುಕ್ರವಾರಾನೇ ಗೊತ್ತಾಯ್ತು. ನನ್ನನ್ನ ಕಾಯೋಕೆ ಹೋಗಿ ತನ್ನ ತಲೆ ಮೇಲೆ ಹಾಕ್ಕೊಂಡಿದ್ದಾನೆ ದಡ್ಡ.” ಅಮ್ಮ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಕೀಯನ್ನು ಅಕ್ಕನ ಮಡಿಲಿಗೆ ಹಾಕಿದಳು. “ತಗೋ. ಇನ್ನು ಮುಟ್ಟಲ್ಲ. ಆದ್ರೆ ನನ್ನ ಮಗನ ಕೆಲಸಕ್ಕೆ ಹೆಸರು ಇಡ್ಬೇಡ.”

ಅಮ್ಮ ನನ್ನ ಕೆಲಸದ ಬಗ್ಗೆ ಒಂದು ಒಳ್ಳೇ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದಕ್ಕೆ ಅವಳು ಕೊಟ್ಟಿದ್ದು ತನಗಿದ್ದ ಒಂದೇ ಒಂದು ಖುಷಿಯನ್ನು.

ಅಕ್ಕ ಕೀಯನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಕೆಮ್ಮಿ, ಕಣ್ಣೊರೆಸಿಕೊಂಡು, ಅದನ್ನು ಅಮ್ಮನ ಕೈಗೇ ತುರುಕಿದಳು. “ಎಡಗಾಲು ಹಿಂದಕ್ಕೆ ಎಳ್ಕೋ. ಸೀಟಿನ ಕೆಳಗೆ. ಹಾಂ. ಈಗ ಓಡಿಸು.” ನನ್ನ ಕಡೆ ತಿರುಗಿಯೂ ನೋಡದೆ ಸೇರಿಸಿದಳು, “ನೀನು ನಾಳೆ ಹೊಸ ಪ್ಯಾಡ್ ಹಾಕು. ನಿನ್ನ ಕೈಯಿಂದಾನೇ.”

ಅಮ್ಮ ಬಲಗಾಲನ್ನು ಎಂದಿನಷ್ಟೇ ಒತ್ತಿದಳು. ತಡೆಯುವ ಕಾಲು ಈಗ ಇರಲಿಲ್ಲ. ಗಾಡಿ ಹಾರಿತು. ನಾವು ಮೂವರೂ ಸೀಟಿಗೆ ಅಂಟಿಕೊಂಡೆವು.

“ಅಯ್ಯೋ! ಇದು ಹೀಗೆ ಹೋಗುತ್ತೇನ್ರೋ!” ಅಮ್ಮ ಚಿಕ್ಕ ಹುಡುಗಿಯ ಹಾಗೆ ನಗತೊಡಗಿದಳು.

ಭಾವ ನನ್ನ ತೋಳು ಹಿಡಿದುಕೊಂಡು ‘ನಿಧಾನ’ ಎನ್ನಲು ಬಾಯಿ ತೆರೆದರು. ಅಕ್ಕ ಹಿಂದೆ ತಿರುಗಿ ಒಂದು ನೋಟ ಬಿಟ್ಟಳು. ಅವರು ಬಾಯಿ ಮುಚ್ಚಿಕೊಂಡರು.