ಗೋಡೆಯ ಮೇಲೆ ಬಿದ್ದ ಅಳತೆ

ಟೈಲರಮ್ಮನ ಅಂಗಡಿಗೆ ಅಳತೆ ತೆಗೆಯುವ ಯಂತ್ರ ತಂದಿಟ್ಟವನು ಅವಳ ಅಳಿಯ. ಗಿರಾಕಿ ಕ್ಯಾಮೆರಾದ ಮುಂದೆ ನಿಂತರೆ ಸಾಕು, ಮೈಯ ಆಕಾರ ಗೋಡೆಯ ಟೀವಿಯಲ್ಲಿ ಮೂಡುತ್ತಿತ್ತು.

"ಇನ್ನೂ ಟೇಪು ಕುತ್ತಿಗೆಗೆ ಹಾಕ್ಕೊಂಡು ಓಡಾಡ್ತೀರಲ್ಲ ಅತ್ತೆ, ಹಸುವಿಗೆ ಹಗ್ಗ ಕಟ್ಟಿದ ಹಾಗೆ!" ಎಂದು ನಕ್ಕಿದ್ದ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಟೈಲರಮ್ಮನೂ ಬಂದವರನ್ನೆಲ್ಲ ಹಿಡಿದು ಹಿಡಿದು ಯಂತ್ರದ ಮುಂದೆ ನಿಲ್ಲಿಸುತ್ತಿದ್ದಳು.

ಆ ಮಧ್ಯಾಹ್ನ ಲೈಬ್ರರಿ ಅಕ್ಕ ಬಂದಳು. ಅಂಗಡಿ ತೆರೆದಾಗಿನಿಂದ ಬರುವ ಗಿರಾಕಿ, ಈಗ ಗಿರಾಕಿಗಿಂತ ಹೆಚ್ಚಾಗಿ ಗೆಳತಿ. ಸೀರೆಯ ಮೇಲೆ ಸದಾ ಕೋಟು ತೊಡುವ ಅವಳಿಗೆ ಮಗನ ಮದುವೆಗೂ ಹೊಸದೊಂದು ಹೊಲಿಸಬೇಕಿತ್ತು. ಬೆಂಚಿನ ಮೇಲೆ ಇನ್ನಿಬ್ಬರು ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು.

"ಪರದೆ ಹಿಂದೆ ಹೋಗೋಣವಾ?" ಎಂದಳು ಅಕ್ಕ, ಯಾವತ್ತಿನ ಹಾಗೆ.

"ಪರದೆ ಗಿರದೆ ಎಲ್ಲ ಮುಗೀತಕ್ಕಾ! ಇಲ್ಲಿ ನಿಲ್ಲು."

"ಬೇಡ, ನೀನು ಟೇಪಲ್ಲೇ..."

"ಅಯ್ಯೋ, ಇದೇನು ಹುಲಿಯಾ?" ಎನ್ನುತ್ತ ಟೈಲರಮ್ಮ ತಾನೇ ಅವಳ ಹೆಗಲಿನಿಂದ ಕೋಟು ಎಳೆದು ತೆಗೆದಳು.

ಟೀವಿಯಲ್ಲಿ ಆಕಾರ ಮೂಡಿತು. ಬಲಗಡೆ ತುಂಬಿದ ಎದೆ. ಎಡಗಡೆ ಬರೀ ಹಲಗೆ.

"ಎರಡೂ ಬದಿ ಹೊಂದುತ್ತಿಲ್ಲ. ನೇರವಾಗಿ ನಿಲ್ಲಿ," ಎಂದಿತು ಯಂತ್ರ, ಇಡೀ ಅಂಗಡಿಗೆ ಕೇಳುವಂತೆ. ಮತ್ತೊಮ್ಮೆ ಅದನ್ನೇ ಹೇಳಿತು.

ಬೆಂಚಿನ ಮೇಲಿದ್ದ ಒಬ್ಬಳ ಚಹಾ ಲೋಟ ಬಾಯಿಯ ಹತ್ತಿರವೇ ನಿಂತಿತು.

ಟೈಲರಮ್ಮನಿಗೆ ನೆತ್ತಿಯ ಮೇಲೆ ಸಿಡಿಲು ಬಿದ್ದಂತಾಯಿತು. ಕೈಯಲ್ಲಿದ್ದ ಕೋಟಿನ ಒಳಗೆ ಹತ್ತಿಯ ಮೆತ್ತೆ ಬೆರಳಿಗೆ ತಗುಲುತ್ತಿತ್ತು. ಆಪರೇಷನ್ ಆದ ಮೇಲೆ ಆ ಮೆತ್ತೆ ಹೊಲಿದುಕೊಟ್ಟವಳು ಬೇರಾರೂ ಅಲ್ಲ, ಅವಳೇ. ಅಕ್ಕನ ಸೊಸೆಯಾಗುವವಳಿಗೂ ಗೊತ್ತಿರದ ಸಂಗತಿ ಅದು.

ಅಕ್ಕ ಕೋಟು ಕಿತ್ತುಕೊಂಡು ಎದೆಗವಚಿಕೊಂಡಳು. "ಯಂತ್ರಕ್ಕೆ ಗೊತ್ತಿರಲಿಲ್ಲ, ಸರಿ. ನಿನಗೆ ಗೊತ್ತಿತ್ತಲ್ಲ?" ಎಂದವಳೇ ಮೆಟ್ಟಿಲಿಳಿದು ಹೋದಳು.

"ಪಾಪ, ಯಾವಾಗ ಆಯ್ತಂತೆ?" ಎಂದಳು ಬೆಂಚಿನವಳು.

"ನಿನ್ನ ಚಹಾ ಕುಡಿದು ಎದ್ದು ಹೋಗು! ಈ ಮಾತು ಹೊಸಿಲು ದಾಟಿದರೆ ನಿನ್ನ ನಾಲಿಗೆಗೂ ಹೊಲಿಗೆ ಹಾಕ್ತೀನಿ!" ಟೈಲರಮ್ಮ ಟೀವಿಯ ವೈರು ಕಿತ್ತೆಸೆದಳು. ಮರೆತದ್ದು ಹೇಗೆ? ಅವಳ ಬೆರಳುಗಳು ಒಂದು ದಿನವೂ ಮರೆತಿರಲಿಲ್ಲವಲ್ಲ!

ಸಂಜೆ ಅಕ್ಕನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಅರ್ಧವೇ ತೆರೆಯಿತು.

"ಏನು ತಂದಿದ್ದೀಯ?"

"ಟೇಪು. ಬೇರೇನಿಲ್ಲ."

ಅಕ್ಕ ಅವಳ ಕೈಯಲ್ಲಿದ್ದ ಟೇಪು ನೋಡಿ ಬಾಗಿಲು ಪೂರ್ತಿ ತೆರೆದಳು. ಆಮೇಲೆ ಒಳಕೋಣೆಗೆ ಕರೆದೊಯ್ದು ಚಿಲಕ ಹಾಕಿ, ಕಿಟಕಿಯ ಪರದೆ ಎಳೆದಳು. ಟೈಲರಮ್ಮ ಅಭ್ಯಾಸಬಲದಿಂದ ಕೈ ಮುಂದೆ ಚಾಚಿದಳು.

"ಕೈ ತೆಗಿ," ಎಂದಳು ಅಕ್ಕ. "ಕೋಟು ನಾನೇ ಬಿಚ್ಚುತ್ತೇನೆ."

ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತು ಕಾಯತೊಡಗಿದಳು.