ಬಾವನ ಕೋವಿ

ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಬೋರಲು ಬಿದ್ದು, ಒಂದು ಕಣ್ಣು ಮುಚ್ಚಿಕೊಂಡ ಬಾವ ಮಂದಣ್ಣ: ಆ ದಿನಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಇದೇ. ಅದು ಕಾಫಿ ಒಣಗಿಸುವ ಅಂಗಳ. ಹಣ್ಣು ಹರಡಬೇಕಾದರೆ ನಾನು ಅವರ ಚಾಚಿದ ಕಾಲನ್ನು ಬಳಸಿಕೊಂಡು ಓಡಾಡಬೇಕಿತ್ತು. ಗಂಡನ ಅಣ್ಣ, ಹಾಗಾಗಿ ಬಾಯಲ್ಲಿ ‘ಅವರು’ ಎನ್ನುತ್ತೇನೆ. ಮನಸ್ಸಿನಲ್ಲಿ ಯಾವತ್ತೂ ಅಂದಿಲ್ಲ.

ನಮ್ಮ ಕಡೆ ಕೋವಿ ಇಲ್ಲದ ಮನೆಯಿರಲಿಲ್ಲ. ಮಗು ಹುಟ್ಟಿದರೆ ಅಂಗಳದಿಂದ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಎರಡು ಕೇಳಿತೆಂದರೆ ಜನ ಹಿಡಿದ ಕೆಲಸ ಬಿಟ್ಟು, ಬಿಳಿ ಬಟ್ಟೆಯುಟ್ಟು, ಸದ್ದು ಬಂದ ಮನೆಗೆ ಹೊರಡುತ್ತಿದ್ದರು. ಬೇರೆ ಹೇಳಿಕಳಿಸುವ ಪದ್ಧತಿಯೇ ಇರಲಿಲ್ಲ. ಅದಕ್ಕೇ ಗುರಿ ಅಭ್ಯಾಸ ಮಾಡುವವರು ಒಂದು ಗುಂಡು ಹೊಡೆದರೆ, ಒಂದು ವೀಳ್ಯ ಜಗಿದು ಉಗಿದ ಮೇಲೆಯೇ ಇನ್ನೊಂದು ಹೊಡೆಯಬೇಕು. ಇದು ಊರಿನ ಕೂಸಿಗೂ ಗೊತ್ತಿದ್ದ ಮಾತು.

ನಮ್ಮ ಮನೆಯದು ಮಾವನ ರೈಫಲ್. ಬೋಲ್ಟ್ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಗುಂಡು ಏರುವ, ಬೇಟೆಗೆ ಹೊತ್ತು ತಿರುಗುವಷ್ಟು ಹಗುರದ ಕೋವಿ. ಮಾವ ತೀರಿಕೊಂಡಾಗ ಅದೇ ಎರಡು ಸಲ ಕೂಗಿ, ಎದುರುಗುಡ್ಡದವರೆಲ್ಲ ಬಂದು, ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಅತ್ತೆ ದೇಚವ್ವ ಹಾಸಿಗೆ ಹಿಡಿದ ಮೇಲೆ ಮಗನನ್ನು ಕೇಳಿದ್ದು ಇಷ್ಟೇ.

“ನಂಗೂ ಹಂಗೇ ಎರಡು ಹೊಡಿ ಮಂದಣ್ಣ. ಎಲ್ಲರೂ ಬಂದು ಮುಖ ನೋಡ್ಲಿ. ಇನ್ನೇನೂ ಬೇಡ.”

“ಹೊಡೀತೀನಿ ಅವ್ವ,” ಅಂದರು ಬಾವ. “ಈಗ ಅದು ಎಂಟುನೂರು ಗಜ ಹೊಡಿಯತ್ತೆ, ಗೊತ್ತಾ?”

ಸಾಯುವ ತಾಯಿಗೆ ಕೊಡುವ ಉತ್ತರ ಅದು.

ಅದಕ್ಕೂ ಮೊದಲು ಬಾವ ಎಲ್ಲೋ ದೂರದ ಗುರಿ ಹೊಡೆಯುವ ಸ್ಪರ್ಧೆ ನೋಡಿಕೊಂಡು ಬಂದಿದ್ದರು. ಅಂದಿನಿಂದ ಆ ಕೋವಿಗೆ ಶನಿ ಹಿಡಿಯಿತು. ಮಾವನ ಕೆನ್ನೆ ತಾಗಿ ತಾಗಿ ನುಣುಪಾಗಿದ್ದ ಬೀಟೆಮರದ ಹಿಡಿ ಹೋಗಿ, ತಿರುಪು ತಿರುಗಿಸಿದರೆ ಮೇಲೇಳುವ ಬೂದಿಬಣ್ಣದ್ದೊಂದು ಬಂತು. ತೆಳು ನಳಿಗೆ ಹೋಗಿ ಒನಕೆಗಾತ್ರದ್ದು ಬಂತು. ಭುಜಕ್ಕೆ ಒದೆಯಬಾರದೆಂದು ಅದರ ಬಾಯಿಗೆ ತೂತುತೂತಿನ ಟೋಪಿ, ಮುಂದೆ ಮಡಚುವ ಎರಡು ಕಾಲು, ಮೇಲೆ ಮೊಳದುದ್ದದ ದುರ್ಬೀನು. ಗುಂಡು ಹಾರಿಸಲು ಎಳೆಯುವ ಕುದುರೆಯನ್ನು ಉಜ್ಜಿಸಿ ಉಜ್ಜಿಸಿ, ಬೆರಳು ಸೋಕಿದರೆ ಸಾಕು ಅನ್ನುವಂತೆ ಮಾಡಿಸಿದರು. ಮದ್ದನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ತಾವೇ ತೋಟೆ ತುಂಬುತ್ತಿದ್ದರು. ತೋಟಕ್ಕೆ ಗೊಬ್ಬರ ತೂಗಿದ್ದನ್ನು ನಾನು ಕಂಡವಳಲ್ಲ. ಕೊನೆಗೆ ಮಾವನದೆಂದು ಉಳಿದದ್ದು ಬೋಲ್ಟು ಮತ್ತು ಅದು ಓಡಾಡುವ ಉಕ್ಕಿನ ಗೂಡು ಮಾತ್ರ.

ಅಷ್ಟೆಲ್ಲ ಆಗಿ, ಮನೆಯ ಪಕ್ಕದ ಶುಂಠಿಯನ್ನು ಹಂದಿ ಅಗೆಯುತ್ತಿದ್ದಾಗ ಬಾವ ಕೋವಿ ಎತ್ತಿ, ಏದುಸಿರು ಬಿಟ್ಟು, ಇಳಿಸಿದರು.

“ಯಾಕೆ ಬಾವ?”

“ಇಷ್ಟು ಹತ್ತಿರದ್ದು ಇದ್ರಲ್ಲಿ ಕಾಣಲ್ಲ. ಬರೀ ಕೂದಲು ಕಾಣತ್ತೆ.”

ಪಾಪ, ಹಂದಿಗೆ ಅಷ್ಟು ದೂರ ಹೋಗಿ ನಿಲ್ಲಬೇಕೆಂಬ ಬುದ್ಧಿಯಿರಲಿಲ್ಲ.

ಒಂದು ಮಧ್ಯಾಹ್ನ ಬಾವ ಮತ್ತೆ ಅದೇ ಚಾಪೆಯ ಮೇಲೆ ಬೋರಲು ಬಿದ್ದಿದ್ದರು. ಆಚೆಯ ಪಾಳುದಿಣ್ಣೆಯಲ್ಲಿ ಸುಣ್ಣ ಬಳಿದ ತಗಡು ನಿಲ್ಲಿಸಿದ್ದರು. ನಾನು ಒಳಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಒಂದು ಗುಂಡು ಹಾರಿತು. ತಗಡಿನ ಕೆಳಗೆ ಬಿತ್ತಂತೆ. ವೀಳ್ಯ ಎಲ್ಲಿ, ಜಗಿಯುವುದೆಲ್ಲಿ. ದುರ್ಬೀನಿನ ಗುಂಡಿಯನ್ನು ಕಿಟಕಿಟ ತಿರುಗಿಸಿ ಆಗಲೇ ಇನ್ನೊಂದು ಹೊಡೆದರು.

ಅತ್ತೆ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಎರಡಾಯ್ತಲ್ಲ. ಯಾರು ಹೋದ್ರು?”

“ಯಾರೂ ಇಲ್ಲ ಅತ್ತೆ. ಬಾವ ಗುರಿ ನೋಡ್ತಿದ್ದಾರೆ.”

“ಹಂಗಾದ್ರೆ ನಾನೇ,” ಅಂದರು ಅತ್ತೆ. “ಕಾಫಿಗೆ ನೀರಿಡು. ಜನ ಬರ್ತಾರೆ.”

ಬಂದರು. ಗದ್ದೆಯಾಚೆಗಿದ್ದ ಅತ್ತೆಯ ತಂಗಿ ನೀಲವ್ವ ಎಲ್ಲರಿಗಿಂತ ಮುಂದೆ, ಎದೆ ಬಡಿದುಕೊಂಡು ಅಳುತ್ತ ಬಂದರು. ಹಿಂದೆ ಊರಿನ ಹಿರಿಯ ಉತ್ತಯ್ಯ, ಅವರ ಹಿಂದೆ ಬಿಳಿ ಬಟ್ಟೆಯ ಜನ. ಬಾವ ಚಾಪೆ ಬಿಟ್ಟು ಏಳಲಿಲ್ಲ. ಕೈ ಮಾತ್ರ ಆಡಿಸಿದರು.

“ಸ್ವಲ್ಪ ಆ ಕಡೆ ಸರೀರಿ. ಗುರಿಗೆ ಅಡ್ಡ ಬರ್ತಿದ್ದೀರಿ.”

“ಅವ್ವ?” ಎಂದು ಉತ್ತಯ್ಯ ಕೇಳಿದರು.

“ಅವ್ವಂಗೇನು, ಒಳಗೆ ಗಂಜಿ ಕುಡೀತಿದ್ದಾರೆ. ಇಲ್ಲಿ ನೋಡಿ ಉತ್ತಯ್ಯಣ್ಣ, ಎರಡನೇದು ನಟ್ಟನಡುವಿಗೆ ಬಿದ್ದಿದೆ.”

ಉತ್ತಯ್ಯ ದುರ್ಬೀನಿನಲ್ಲಿ ನೋಡಲಿಲ್ಲ. “ಇನ್ನು ನಿನ್ನ ಕೋವಿ ಎರಡಲ್ಲ, ಇಪ್ಪತ್ತು ಹೊಡೆದ್ರೂ ನಾವು ಏಳಲ್ಲ ಮಂದಣ್ಣ,” ಅಂದರು. ನಳಿಗೆಯ ಬಾಯಿಗೆ ಆ ಟೋಪಿ ಸೇರಿದ ಮೇಲೆ ಅದರ ಚಟೀರೆನ್ನುವ ಸದ್ದು ಬೇರೆ ಯಾವ ಕೋವಿಗೂ ಇರಲಿಲ್ಲ, ಯಾರು ಬೇಕಾದರೂ ಗುರುತು ಹಿಡಿಯಬಹುದಿತ್ತು.

“ಒಳ್ಳೇದೇ ಆಯ್ತು. ಈ ವೀಳ್ಯದ ಕಾಟ ತಪ್ತು,” ಎಂದು ಬಾವ ನಕ್ಕರು. ಮರುದಿನದಿಂದ ಎರಡು, ನಾಲ್ಕು, ಮನಸ್ಸು ಬಂದಷ್ಟು ಹೊಡೆದರು. ಯಾರೂ ಬರಲಿಲ್ಲ. ಜನ ಬಂದ ದಿನವೇ ಅತ್ತೆ ಉತ್ತಯ್ಯನ ಮಾತನ್ನು ಒಳಗಿನಿಂದ ಕೇಳಿಸಿಕೊಂಡಿದ್ದರು. ಗೋಡೆಯ ಕಡೆ ತಿರುಗಿ ಮಲಗಿದ ಅವರನ್ನು ಆ ರಾತ್ರಿ ಊಟಕ್ಕೆ ಏಳಿಸಲು ನನ್ನಿಂದ ಆಗಲಿಲ್ಲ. ಬಾವನನ್ನು ನಾನು ಅಂದು ಕ್ಷಮಿಸಲಿಲ್ಲ, ಇಂದಿಗೂ ಕ್ಷಮಿಸಿಲ್ಲ.

ಅತ್ತೆ ಹೋದದ್ದು ಕಾಫಿ ಕುಯ್ಲಿನ ಕಾಲದಲ್ಲಿ, ಒಂದು ಬೆಳಿಗ್ಗೆ. ನನ್ನ ಗಂಡ ಪಲ್ಟನ್ನಿನಲ್ಲಿದ್ದರು, ಮನೆಯಲ್ಲಿ ಬಾವನೂ ನಾನೂ ಇಬ್ಬರೇ. ಬಾವ ಬಿಳಿ ಬಟ್ಟೆಯುಟ್ಟು ಬಂದು, ಆ ಒನಕೆಯನ್ನು ಹೇಗೋ ಆಕಾಶಕ್ಕೆ ಎತ್ತಿ, ಎರಡು ಗುಂಡು ಹೊಡೆದರು. ಎದುರುಗುಡ್ಡದಲ್ಲಿ ಹಣ್ಣು ಕುಯ್ಯುತ್ತಿದ್ದವರು ತಲೆಯೆತ್ತಲಿಲ್ಲ. ಇನ್ನೆರಡು ಹೊಡೆದರು. ಅಲ್ಲಿ ಯಾರೋ ಹಾಡು ಹೇಳಿಕೊಳ್ಳುತ್ತಿದ್ದರು, ಅದೂ ನಿಲ್ಲಲಿಲ್ಲ.

“ಗಾಳಿ ಎದುರಿಗಿದೆ,” ಅಂದರು ಬಾವ. “ಕೇಳಿಸಿರಲ್ಲ.”

“ಸಾಕು ಬಾವ,” ಅಂದೆ. “ಒಳಗೆ ಹೋಗಿ ನಿಮ್ಮ ಅವ್ವನ ಹತ್ರ ಕೂತ್ಕೊಳ್ಳಿ.”

ಗದ್ದೆ ದಾಟಿ ನೀಲವ್ವನ ಮನೆಗೆ ಓಡಿದೆ. ಅವರು ಮೆಣಸು ಹರಡುತ್ತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

“ಈಗ ಹೊಡ್ದಿದ್ದು ಅದಕ್ಕಾ?”

“ಹೂಂ ಚಿಕ್ಕವ್ವ. ಯಾರೂ ಬರ್ತಿಲ್ಲ.”

ನೀಲವ್ವ ಒಳಗೆ ಹೋಗಿ, ಗಂಡನ ಹಳೆಯ ಜೋಡುನಳಿಗೆ ಕೋವಿ ತಂದು, ಅಂಗಳದ ನಡುವೆ ನಿಂತು ಎರಡು ಹೊಡೆದರು. ಗುಡ್ಡದ ಹಾಡು ನಿಂತಿತು. ಬುಟ್ಟಿಗಳನ್ನು ಗಿಡದ ಬುಡದಲ್ಲೇ ಬಿಟ್ಟು ಜನ ಇಳಿಯತೊಡಗಿದರು. ನೀಲವ್ವನೇ ಹೋದರೆಂದುಕೊಂಡು ಓಡಿಬಂದವರು, ಕೋವಿ ಹಿಡಿದು ನಿಂತ ಅವರನ್ನು ಕಂಡು ಬೇಲಿಯ ಹತ್ತಿರವೇ ನಿಂತರು.

“ನೀವು ಚೆನ್ನಾಗಿದ್ದೀರಲ್ಲ. ಮತ್ತೆ ಯಾರು?” ಎಂದು ಉತ್ತಯ್ಯ ಕೇಳಿದರು.

“ನಮ್ಮಕ್ಕ,” ಅಂದರು ನೀಲವ್ವ. “ನಡೀರಿ.”

ಬದುವಿನ ಮೇಲೆ ಅವರು ಮುಂದೆ ನಡೆದರು. ಹಿಂದೆ ಬಿಳಿ ಬಟ್ಟೆಯವರು, ಬಟ್ಟೆ ಬದಲಿಸಲೂ ನಿಲ್ಲದ ಕುಯ್ಲಿನವರು, ಒಬ್ಬರ ಹಿಂದೊಬ್ಬರು. ನಾನು ಹಿಂತಿರುಗಿ ನೋಡಿದಾಗ ಸಾಲು ಇನ್ನೂ ಗುಡ್ಡದಿಂದ ಇಳಿಯುತ್ತಿತ್ತು.

ಬಾವ ನಮ್ಮ ಗೇಟಿನ ನಡುವೆ ನಿಂತಿದ್ದರು. “ಚಿಕ್ಕವ್ವ, ನಾನೂ ಹೊಡ್ದಿದ್ದೆ,” ಅಂದರು. ನೀಲವ್ವ ನಿಲ್ಲಲಿಲ್ಲ. ಜನ ಬಾವನ ಎರಡೂ ಪಕ್ಕದಿಂದ ಹಾದು, ಒಳಗೆ, ಅತ್ತೆಯ ಮುಖ ನೋಡಲು ಹೋದರು.