ತಳದಲ್ಲಿ ಉಳಿದ ಹಳದಿ

ಔಷಧಿ ಬಗ್ಗಿಸುತ್ತಿದ್ದ ಗಂಡನ ಕೈಯನ್ನು ಅವಳು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡಳು.

“ಎಷ್ಟು ಹಾಕ್ತಿದೀರಿ?”

“ಎರಡಳತೆ. ಜ್ವರ ಮತ್ತೆ ಏರ್ತಿದೆ ಕಣೇ. ಒಂದಕ್ಕೆ ಬಗ್ಗೋ ಜ್ವರ ಅಲ್ಲ ಇದು.”

ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಚೀಲ ಇನ್ನೂ ಹೆಗಲಲ್ಲೇ ಇತ್ತು, ಉಗುರಿನ ಸಂದಿಯಲ್ಲಿ ಹಸಿರು ಬಣ್ಣ. ಕಿಟಕಿ ಪಕ್ಕದ ಮಂಚದ ಮೇಲೆ ಮೂರು ವರ್ಷದ ಮಗಳು ಎರಡು ಹೊದಿಕೆಯೊಳಗೂ ನಡುಗುತ್ತಿದ್ದಳು. ತೆಳ್ಳಗಿದ್ದುದಕ್ಕೆ ಬೀದಿಯವರೆಲ್ಲ ಅವಳನ್ನು ಗುಂಡುಸೂಜಿ ಎಂದು ಕರೆಯುತ್ತಿದ್ದರು. ಮೊನ್ನೆ ಚಿಕಿತ್ಸಾಲಯದಲ್ಲಿ ರಕ್ತ ನೋಡಿ ಮಲೇರಿಯಾ ಅಂದಿದ್ದರು. ಬೆಳಿಗ್ಗೆ ಒಂದು, ಸಂಜೆ ಒಂದು, ಮೂರು ದಿನದ ಔಷಧಿ. ಮೊನ್ನೆ ಸಂಜೆ ಶುರುವಾಗಿತ್ತು, ಇದು ಐದನೆಯದು. ಔಷಧಿ ತಂದವನೂ ಅವನೇ, ಕೊಡುತ್ತಿದ್ದವನೂ ಅವನೇ. ಬೆಳಿಗ್ಗೆಯದ್ದನ್ನು ಅವಳು ಹೋದ ಮೇಲೆ ಕೊಡುತ್ತಿದ್ದ, ಸಂಜೆಯದ್ದು ಅವಳು ಬರುವಷ್ಟರಲ್ಲಿ ಕೊಟ್ಟು ಮುಗಿದಿರುತ್ತಿತ್ತು. ಇವತ್ತು ಮನಸ್ಸು ತಡೆಯದೆ ಅಂಗಡಿಯಲ್ಲಿ ಕೇಳಿಕೊಂಡು ಅರ್ಧ ಗಂಟೆ ಮೊದಲೇ ಬಂದಿದ್ದಳು.

ಅವಳ ಕಣ್ಣು ಮಗುವಿನ ಮೇಲಿರಲಿಲ್ಲ, ಬಾಟಲಿಯ ಮೇಲಿತ್ತು. ಗಂಡ ಅದನ್ನು ಬಗ್ಗಿಸಿದ್ದ ರೀತಿ ವಿಚಿತ್ರವಾಗಿತ್ತು: ಮಲಗಿದ ಹಾವನ್ನು ಎಬ್ಬಿಸಬಾರದು ಅನ್ನುವಷ್ಟು ನಿಧಾನ. ಅಳತೆಯ ಮುಚ್ಚಳಕ್ಕೆ ಬೀಳುತ್ತಿದ್ದದ್ದು ತಿಳಿನೀರಿನಂಥದ್ದು, ಸ್ವಲ್ಪ ಹಳದಿ ಛಾಯೆ ಅಷ್ಟೆ. ಬಾಟಲಿಯ ತಳದಲ್ಲಿ ಮಾತ್ರ ಒಂದು ಬೆರಳಿನ ದಪ್ಪಕ್ಕೆ ಗಾಢ ಹಳದಿ ಕೂತಿತ್ತು.

“ಇದನ್ನ ಕುಲುಕಿಲ್ವಾ?”

“ಕುಲುಕೋದಾ?” ಅವನಿಗೆ ನಗುವೇ ಬಂತು. “ಹುಚ್ಚಾ ನಿಂಗೆ? ಕುಲುಕಿದ್ರೆ ಗಸಿ ಎಲ್ಲ ಮೇಲೆ ಬರಲ್ವಾ? ಪ್ರತಿ ಸಲ ಕೊಡೋಕೆ ಒಂದು ಗಂಟೆ ಮೊದ್ಲೇ ಬಾಟ್ಲಿ ಅಲುಗದ ಹಾಗೆ ಇಟ್ಟು, ತಿಳಿ ಮಾತ್ರ ಬಗ್ಗಿಸಿ ಕೊಟ್ಟಿದೀನಿ. ನಾಲ್ಕು ಸಲಾನೂ ಒಂದು ಚೂರು ಗಸಿ ಹೋಗಿಲ್ಲ ನನ್ನ ಮಗಳ ಹೊಟ್ಟೆಗೆ.”

ಅವನು ಲಾರಿ ಮೆಕ್ಯಾನಿಕ್. ಹನ್ನೊಂದು ವರ್ಷದಿಂದ ಡೀಸೆಲ್ ಟ್ಯಾಂಕಿನ ತಳ ನೋಡಿಕೊಂಡು ಬದುಕಿದವನು. ಅವನ ಲೋಕದಲ್ಲಿ ತಳಕ್ಕೆ ಕೂರುವುದೆಲ್ಲ ಕೊಳೆ. ಅದು ಪಂಪಿಗೆ ಹೋದರೆ ಎಂಜಿನ್ ಕೆಮ್ಮುತ್ತದೆ, ದಾರಿ ಮಧ್ಯೆ ಗಾಡಿ ನಿಲ್ಲುತ್ತದೆ. ಟ್ಯಾಂಕಿಗಿಂತ ನೂರು ಪಾಲು ಹೆಚ್ಚು ಜೋಪಾನದಿಂದ ಅವನು ಮಗಳಿಗೆ ತಿಳಿ ತೆಗೆದು ಕುಡಿಸಿದ್ದ. ಪ್ರೀತಿಯಿಂದಲೇ ಅಷ್ಟು ದೊಡ್ಡ ತಪ್ಪು ಮಾಡಿದ್ದ. ಬಾಟಲಿಯ ಮೇಲೇನೋ ಬರೆದಿತ್ತು, ನಿಜ. ಇರುವೆ ಸಾಲಿನಂಥ ಅಕ್ಷರ, ಅದೂ ಅವರಿಬ್ಬರಿಗೂ ಬಾರದ ಭಾಷೆಯಲ್ಲಿ. ಬಾಯಿ ಬಿಟ್ಟು ಹೇಳಬೇಕಾದವರು ಹೇಳಿರಲಿಲ್ಲ.

ಅವಳು ಬಣ್ಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣ ಬೆರೆಸುವವಳು. ಓದಿದವರು ಯಾರಾದರೂ ಒಂದು ದಿನ ಆ ಕೋಣೆಗೆ ಬಂದು ನಿಲ್ಲಬೇಕು. ಗಿರಾಕಿ ಗೋಡೆಯ ಚಕ್ಕೆಯೊಂದನ್ನು ತಂದು ಕೊಟ್ಟರೆ ಸಾಕು, ಅವಳು ಹನಿ ಎಣಿಸಿ, ಕಡ್ಡಿಯಲ್ಲಿ ತಿರುವಿ, ಗೋಡೆಗೇ ಗೊತ್ತಾಗದ ಹಾಗೆ ಅದೇ ಬಣ್ಣ ತೆಗೆಯುತ್ತಾಳೆ. ತಿಂಗಳುಗಟ್ಟಲೆ ಕೂತ ಡಬ್ಬ ತೆರೆದರೆ ಮೇಲೆ ನಿಂತಿರುವುದು ಬರೀ ನೀರು, ಬಣ್ಣವೆಲ್ಲ ತಳದಲ್ಲಿ. ತಳ ಕೆದಕಿ ಮೇಲೆ ತರದೆ ಬಳಿದರೆ ಗೋಡೆ ಒದ್ದೆಯಾಗುತ್ತದೆ, ಅಷ್ಟೆ. ಇದು ಅವಳಿಗೆ ಯಾರೂ ಪಾಠ ಮಾಡಿದ್ದಲ್ಲ, ಕೈಗೆ ಗೊತ್ತಿದ್ದದ್ದು.

ಅವಳು ಚೀಲವನ್ನು ನೆಲಕ್ಕಿಳಿಸಿದಳು.

“ರೀ, ಇದರಲ್ಲಿ ತಳದ್ದೇ ಔಷಧಿ. ನೀವು ನಾಲ್ಕು ಸಲ ಕೊಟ್ಟಿದ್ದು ನೀರು.”

ಅವನು ಮುಚ್ಚಳವನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿದ. ಮುಂದಿನ ಕ್ಷಣವೇ ಅಳತೆಯ ಮುಚ್ಚಳ ಕೆಳಗಿಟ್ಟು, ಬಾಟಲಿಯ ಬಿರಡೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕುಲುಕತೊಡಗಿದ. ಒಳಗೆಲ್ಲ ದಟ್ಟ ಹಳದಿಯಾಯಿತು.

“ಹಂಗಾದ್ರೆ ಈಗ ಕೊಡೋಣ. ಇಗೋ, ಬೆರೀತಲ್ಲ.”

“ಬೇಡ.”

“ಏನು ಬೇಡ? ಮಗು ನಡುಗ್ತಿದೆ ಅಲ್ಲಿ.”

“ಮೇಲಿನ ನೀರು ನಾಲ್ಕು ಸಲ ಹೋಗಿಬಿಟ್ಟಿದೆ ಕಣ್ರೀ. ಇಡೀ ಡಬ್ಬದ ಬಣ್ಣ ಈಗ ಕಾಲು ಡಬ್ಬದಲ್ಲಿದೆ. ಇದೇ ಗೆರೆಗೆ ಹಾಕಿದ್ರೂ ಎಷ್ಟು ಹೋಗುತ್ತೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹನ್ನೊಂದು ಕಿಲೋ ಇರೋ ಮಗು ಅದು.”

ಔಷಧಿ ಕೈಯಲ್ಲೇ ಇದೆ, ಮಗು ಎದುರಿಗೇ ಇದೆ. ಅಂಥ ಹೊತ್ತಲ್ಲಿ ಕೊಡದೆ ಇರುವುದಕ್ಕೆ ಎಂಥ ಎದೆ ಬೇಕೋ, ಅದು ಅವಳಿಗಿತ್ತು. ಬಾಟಲಿ ಮತ್ತು ಅಳತೆಯ ಮುಚ್ಚಳವನ್ನು ಒಂದು ಬಟ್ಟೆಯಲ್ಲಿ ಸುತ್ತಿದಳು, ಮಗುವನ್ನು ಹೊದಿಕೆಯ ಸಮೇತ ಎತ್ತಿ ಅವನ ಹೆಗಲಿಗೆ ಹಾಕಿದಳು. ಚಿಕಿತ್ಸಾಲಯ ಆರಕ್ಕೆ ಮುಚ್ಚುತ್ತದೆ. ಗಡಿಯಾರದಲ್ಲಿ ಐದೂವರೆಯಾಗಿತ್ತು.

ಔಷಧಿ ಕೌಂಟರಿನವನು ಆಗಲೇ ಅರ್ಧ ಬಾಗಿಲು ಇಳಿಸಿದ್ದ. ಅವಳು ಹೇಳುತ್ತಿದ್ದರೆ ಅವನು ಕೀಲಿ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

“ಅಷ್ಟೇನಾ? ಇನ್ಮೇಲೆ ಕುಲುಕಿ ಕೊಡಿ, ಆಯ್ತು.”

“ಅದೇ ಹೇಳ್ತಿರೋದು ಅಣ್ಣ. ಉಳಿದಿರೋದು ತುಂಬ ಗಟ್ಟಿ. ಇದನ್ನ ಕೊಡೋ ಹಾಗಿಲ್ಲ.”

“ಕೊಡೋ ಹಾಗಿದೆಯೋ ಇಲ್ವೋ ನೀನು ಹೇಳ್ತೀಯಾ?” ಅವನು ಅವಳ ಉಗುರನ್ನು ನೋಡಿದ. “ಎಷ್ಟನೇ ಕ್ಲಾಸು ಓದಿದೀಯಮ್ಮ?”

“ನಾಲ್ಕು.”

“ನಾಲ್ಕು,” ಎಂದು ಅವನು ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ಇಬ್ಬರಿಗೂ ಕೇಳುವಂತೆ ಹೇಳಿದ. “ನಾನು ಇದಕ್ಕೇ ಅಂತ ಎರಡು ವರ್ಷ ಓದಿದೀನಿ.”

ಎರಡು ವರ್ಷ ಓದಿದವನ ಬಾಯಲ್ಲಿ ಮೊನ್ನೆ ‘ಕುಲುಕಿ’ ಅನ್ನುವ ಒಂದು ಮಾತು ಬಂದಿರಲಿಲ್ಲ. ಮೆಕ್ಯಾನಿಕ್ ಕೌಂಟರಿನತ್ತ ಒಂದು ಹೆಜ್ಜೆ ಇಟ್ಟ. ಅವಳು ಅವನ ತೋಳು ಮುಟ್ಟಿ ಸುಮ್ಮನಿರಿಸಿದಳು. ಜಗಳ ಆಡಿದರೆ ಬಾಗಿಲು ಪೂರ್ತಿ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಓದಿದೀರಿ ಅಣ್ಣ, ಇಲ್ಲ ಅನ್ನಲ್ಲ. ಈ ಬಾಟ್ಲೀನ ಒಂದು ಸಲ ಬೆಳಕಿಗೆ ಹಿಡಿದು ನೋಡಿ. ನೋಡಿ, ಇದನ್ನೇ ಕೊಡು ಅಂತ ಒಂದು ಚೀಟಿ ಬರ್ದು ಸಹಿ ಹಾಕಿ ಕೊಡಿ. ನಾನು ಹೋಗ್ತೀನಿ.”

ಕೀಲಿ ಗೊಂಚಲು ನಿಂತಿತು. ಒಳಗಿನ ಕೋಣೆಯಿಂದ, ಕೈ ತೊಳೆದು ಒರೆಸಿಕೊಳ್ಳುತ್ತಾ ಹಿರಿಯ ನರ್ಸ್ ಬಂದರು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ಏನೂ ಕೇಳದೆ ಬಾಟಲಿ ತೆಗೆದುಕೊಂಡು ಕಿಟಕಿಯ ಬಿಸಿಲಿಗೆ ಎತ್ತಿದರು, ಓರೆ ಮಾಡಿದರು. ದಪ್ಪ ಹಳದಿ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯಿತು.

“ಮೇಲಿಂದು ಎಷ್ಟು ಸಲ ಕೊಟ್ಟಿರಿ?”

“ನಾಲ್ಕು, ಸಿಸ್ಟರ್,” ಎಂದ ಮೆಕ್ಯಾನಿಕ್. “ನಾನೇ ಕೊಟ್ಟಿದ್ದು. ಅವಳಲ್ಲ.”

“ಇದನ್ನ ಕೊಟ್ಟಿಲ್ಲ ತಾನೇ?”

“ಕೊಡ್ತಿದ್ದೆ. ಅವಳು ಬಿಡಲಿಲ್ಲ.”

ನರ್ಸ್ ಅವಳ ಕಡೆ ತಿರುಗಿದರು. “ಯಾರು ಹೇಳಿಕೊಟ್ರು ನಿಮಗೆ?”

“ಬಣ್ಣ ಬೆರೆಸ್ತೀನಿ ಸಿಸ್ಟರ್,” ಅಂದಳು ಅವಳು, ಅಷ್ಟೇ ಸಾಕೆಂಬಂತೆ.

ಹೋಗಲು ಹೊರಟಿದ್ದ ಡಾಕ್ಟರನ್ನು ನರ್ಸ್ ಬಾಗಿಲಲ್ಲೇ ತಡೆದರು. ಬೆರಳು ಚುಚ್ಚಿ ಮತ್ತೆ ರಕ್ತ ನೋಡಿದರು, ಮಗುವನ್ನು ತೂಗಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಔಷಧಿ ಮೊದಲಿನಿಂದ ಶುರುವಾಗಬೇಕು, ಮೊದಲ ಅಳತೆ ಇಲ್ಲೇ ಆಗಲಿ, ಒಂದು ಗಂಟೆ ಕಣ್ಣೆದುರು ಇರಲಿ ಎಂದರು ಡಾಕ್ಟರು. ಹಳೆಯ ಬಾಟಲಿಯನ್ನು ನರ್ಸ್ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಹೊಸ ಬಾಟಲಿಯಲ್ಲಿ ಒಣ ಪುಡಿ ಇತ್ತು. ಮೊನ್ನೆಯದಕ್ಕೆ ಕೌಂಟರಿನವನೇ ನೀರು ಬೆರೆಸಿ ಕೊಟ್ಟಿದ್ದ. ಕುದಿಸಿ ಆರಿಸಿದ ನೀರನ್ನು ಗಾಜಿನ ಮೇಲಿನ ಗೆರೆಯವರೆಗೆ ನರ್ಸ್ ತಾವೇ ಹಾಕಿ, ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಅವಳು ಕುಲುಕಿದಳು. ತಲೆಕೆಳಗು ಮಾಡಿ, ತಳವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಕುಲುಕಿದಳು. ತಳದಲ್ಲಿ ಏನೂ ಅಂಟಿಲ್ಲ ಅನ್ನುವವರೆಗೂ ಬಿಡಲಿಲ್ಲ. ಕೌಂಟರಿನವನು ಅರ್ಧ ಇಳಿಸಿದ ಬಾಗಿಲ ಪಕ್ಕ ನಿಂತು ನೋಡುತ್ತಿದ್ದ.

“ಚಮಚ ಬೇಡ,” ನರ್ಸ್ ಸೂಜಿಯಿಲ್ಲದ ಸಿರಿಂಜು ತೋರಿಸಿದರು. “ಒಂದೊಂದು ಮನೆ ಚಮಚ ಒಂದೊಂದು ಅಳತೆ. ಇವಳ ತೂಕಕ್ಕೆ ಈ ಗೆರೆ.” ಅವರು ಅಲ್ಲಿ ಪೆನ್ನಿನಿಂದ ಗುರುತು ಹಾಕಿದರು. “ಕೂರಿಸಿಕೊಂಡು ಕೆನ್ನೆ ಒಳಗೆ ಸ್ವಲ್ಪ ಸ್ವಲ್ಪ ಬಿಡಿ. ಜೊತೆಗೆ ಹಾಲು ಕುಡಿಸಿ. ವಾಂತಿ ಮಾಡಿದ್ರೆ ನೀವೇ ಲೆಕ್ಕ ಹಾಕ್ಬೇಡಿ, ಇಲ್ಲಿಗೆ ಬನ್ನಿ. ಜ್ವರ ಬಿಟ್ರೂ ಮೂರು ದಿನ ಪೂರ್ತಿ.”

“ಎಲ್ಲಿಡ್ಬೇಕು ಸಿಸ್ಟರ್?” ಎಂದ ಮೆಕ್ಯಾನಿಕ್. “ಇವಳು ಗುಂಡುಸೂಜಿ. ಎಲ್ಲಿ ಸಂದಿ ಇದ್ರೂ ತೂರ್ತಾಳೆ.”

“ನಿಮ್ಮ ಕೈ ಎಟುಕೋ ಕಡೆ. ಅವಳದಲ್ಲ. ಬೀಗ ಇದ್ರೆ ಇನ್ನೂ ಒಳ್ಳೇದು.”

ಮಗು ಮೊದಲ ಹನಿಗೆ ಮುಖ ಸಿಂಡರಿಸಿತು, ಎರಡನೆಯದಕ್ಕೆ ಅಪ್ಪನ ಅಂಗಿ ಹಿಡಿದೆಳೆಯಿತು. ಆದರೆ ಎಲ್ಲವನ್ನೂ ನುಂಗಿತು. ಅವಳು ಆ ಒಂದು ಗಂಟೆ ಬೆಂಚಿನ ಮೇಲೆ ಮಗುವಿನ ಗಂಟಲನ್ನೇ ನೋಡುತ್ತಾ ಕೂತಿದ್ದಳು. ಗಂಡ ಪಕ್ಕದಲ್ಲಿ ತನ್ನ ಅಂಗೈ ನೋಡಿಕೊಂಡಿದ್ದ.

“ನಾನೇ ಅವಳನ್ನ…” ಎಂದು ಶುರು ಮಾಡಿದ.

“ನಿಮ್ಮ ಟ್ಯಾಂಕಿಗೆ ನೀವು ಮಾಡೋದೇ ಸರಿ,” ಅಂದಳು ಅವಳು. “ಇದು ಟ್ಯಾಂಕಲ್ಲ, ಅಷ್ಟೆ. ಹಾಲು ತಗೊಂಡು ಬನ್ನಿ, ಹೋಗಿ.”

ಹಾಲು ತರಲು ಹೊರಟವನು ಕೌಂಟರಿನ ಮುಂದೆ ಹಾದುಹೋಗುವಾಗ, ಒಳಗಿನವನು ಕೊನೆಯ ಗಿರಾಕಿಯ ಕೈಗೆ ಬಾಟಲಿ ಕೊಡುತ್ತಿದ್ದ. ತಲೆ ಎತ್ತದೆ, ಸಣ್ಣ ದನಿಯಲ್ಲಿ ಹೇಳಿದ: “ಪ್ರತಿ ಸಲ ಚೆನ್ನಾಗಿ ಕುಲುಕಿ ಕೊಡಿ. ತಳ ನೋಡಿ ಕೊಡಿ.” ಬಣ್ಣದವಳ ಕಡೆ ಮಾತ್ರ ನೋಡಲಿಲ್ಲ. ಅಂಥವರು ನೋಡುವುದಿಲ್ಲ.

ಜ್ವರ ಮರುದಿನವೆಲ್ಲ ಹಟ ಮಾಡಿ, ಅದರ ಮರುದಿನ ಮಧ್ಯಾಹ್ನ ಬೆವರಾಗಿ ಇಳಿಯಿತು. ಮಗು ಎದ್ದು ಕೂತು ಬೊಂಬೆ ಕೇಳಿದರೂ ಮೆಕ್ಯಾನಿಕ್ ಒಂದು ಅಳತೆಯನ್ನೂ ಬಿಡಲಿಲ್ಲ. ಹೆಂಡತಿ ಅಂಗಡಿಯಲ್ಲಿದ್ದಾಗ ತಾನೇ ಕಪಾಟಿನ ಬೀಗ ತೆಗೆದು, ಬಾಟಲಿ ಕುಲುಕಿ, ಕಿಟಕಿಗೆ ಹೋಗಿ ತಳ ನೋಡುತ್ತಿದ್ದ. ನೋಡಿ, ನಂಬಿಕೆ ಬಾರದೆ ಮತ್ತೆ ಕುಲುಕುತ್ತಿದ್ದ.

ಕೊನೆಯ ಅಳತೆ ಮುಗಿದ ದಿನ ಅವಳು ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಮಗಳು ಮಂಚದ ಮೇಲೆ ನಿಂತಿದ್ದಳು. ತನ್ನ ಪುಟ್ಟ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು ಕುಲುಕಿದಳು. ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ತಳವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನೀರು ಕುಡಿದಳು.